ಕಲ್ಲುಗಳಿಗೆ ಊರು ಕೇಳಿದ ಫೂಟ್ ಸಾಹೇಬರು

ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ, ಅಕ್ಕೋಳ

ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಬೇಕೆಂದು ನಮಗೆ ಹೇಳಿದ್ದರು. ನಮ್ಮ ತರಗತಿಯಲ್ಲಿ ಹೆಚ್ಚಿನವರು ಸರ್ ಎಂ. ವಿಶ್ವೇಶ್ವರಯ್ಯ, ಟಿಪ್ಪು ಸುಲ್ತಾನ್, ಅಬ್ದುಲ್ ಕಲಾಂ ಅವರ ಹೆಸರು ಬರೆಸಿದರು. ನಾನು ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರು ಬರೆಸಿದೆ. ವಾಣಿಜ್ಯದವರಿಗೆ ಕಲ್ಲು ಮಣ್ಣಿನ ಉಸಾಬರಿ ಏಕೆ ಎಂದು ವಿಜ್ಞಾನ ವಿಭಾಗದ ಗೆಳೆಯರು ನಕ್ಕರು. ಆದರೆ ಫೂಟ್ ಅವರು ಜೀವನಪೂರ್ತಿ ಮಾಡಿದ ಕೆಲಸ ನಮ್ಮ ವ್ಯವಹಾರ ಅಧ್ಯಯನಕ್ಕೆ ಬಹಳ ಹತ್ತಿರದ್ದು. ಈ ಮಾಲು ಎಲ್ಲಿಂದ ಬಂತು, ಯಾವ ದಾರಿಯಿಂದ ಬಂತು, ಯಾವಾಗ ಬಂತು ಎಂದು ಅವರು ಕಲ್ಲುಗಳನ್ನು ಕೇಳುತ್ತಿದ್ದರು. ಅದರಲ್ಲೂ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕಲ್ಲುಗಳನ್ನು.

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ಹುಟ್ಟಿದರು. 1858ರ ಡಿಸೆಂಬರ್‌ನಲ್ಲಿ, 24ನೆಯ ವಯಸ್ಸಿಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ನೌಕರಿಗೆ ಸೇರಿದರು. ಥಾಮಸ್ ಓಲ್ಡ್‌ಹ್ಯಾಮ್ ಅವರು 1851ರಲ್ಲಿ ಕಲ್ಕತ್ತೆಗೆ ಬಂದು ಕಟ್ಟಿದ ಇಲಾಖೆ ಅದು. ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದ ವರ್ಷವೂ 1858. ಆ ಇಲಾಖೆಯನ್ನು ಯಾರೂ ಪುಣ್ಯಕ್ಕಾಗಿ ತೆರೆದಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ರೈಲಿಗೆ ಕಲ್ಲಿದ್ದಲು ಬೇಕಿತ್ತು, ಕಬ್ಬಿಣ ಎಲ್ಲಿದೆ, ಚಿನ್ನ ಎಲ್ಲಿದೆ ಎಂದು ಸರ್ಕಾರಕ್ಕೆ ತಿಳಿಯಬೇಕಿತ್ತು. ಫೂಟ್ ಅವರ ಸಂಬಳ ನಮ್ಮ ಮುತ್ತಜ್ಜಂದಿರು ಕಟ್ಟಿದ ಕಂದಾಯದಿಂದಲೇ ಹೋಗಿದೆ. ಹಾಗಾಗಿ ಅವರು ಬರೆದಿಟ್ಟದ್ದು ನಮ್ಮ ಆಸ್ತಿಯೂ ಹೌದು ಎಂದು ನನ್ನ ಲೆಕ್ಕ.

ಅವರನ್ನು ಮದ್ರಾಸ್ ಪ್ರಾಂತ್ಯಕ್ಕೆ ಕಳಿಸಿದರು. ಅಲ್ಲಿ ತಮಿಳು ವಿದ್ವಾಂಸರಾಗಿದ್ದ ಪಾದ್ರಿ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾದರು. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರಂ ಎಂಬಲ್ಲಿ ಜಲ್ಲಿ ಅಗೆದ ಗುಂಡಿಯಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ನೋಡಿದವರಿಗೆ ಬರೀ ಒಡೆದ ಕಲ್ಲು. ಫೂಟ್ ಅವರಿಗೆ ಅದು ಮನುಷ್ಯ ಕೈಯಿಂದ ಚಕ್ಕೆ ಎಬ್ಬಿಸಿ ಮಾಡಿದ ಕೊಡಲಿ ಎಂದು ಗೊತ್ತಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತಮ್ಮ ಜೊತೆಗಾರ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ಎಂಬ ಊರಿನ ಹತ್ತಿರ ಇನ್ನಷ್ಟು ಹುಡುಕಿದರು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯರಿದ್ದರು ಎಂಬ ಮಾತು ಅಂದಿನಿಂದ ಶುರುವಾಯಿತು. ಶಾಲೆಯ ಇತಿಹಾಸ ಪುಸ್ತಕದಲ್ಲಿ ಫೂಟ್ ಅವರ ಹೆಸರು ಬರುವುದಾದರೆ ಈ ಕಾರಣಕ್ಕೆ ಬರುತ್ತದೆ, ಒಂದು ಸಾಲಿನಲ್ಲಿ ಮುಗಿಯುತ್ತದೆ. ನಾನು ಅಲ್ಲಿ ನಿಲ್ಲುವುದಿಲ್ಲ. ಏಕೆಂದರೆ ನಮ್ಮ ಕಡೆಗೆ ಅವರು ಬಂದದ್ದು ಇದರ ನಂತರ.

1870ರ ಆಸುಪಾಸಿನ ವರ್ಷಗಳಲ್ಲಿ ಫೂಟ್ ಅವರು ಆಗ ದಕ್ಷಿಣ ಮರಾಠಾ ಪ್ರದೇಶ ಎಂದು ಕರೆಯುತ್ತಿದ್ದ ನಮ್ಮ ಸೀಮೆಯಲ್ಲಿ ತಿರುಗಿದರು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು, ನಡುನಡುವೆ ಸಂಸ್ಥಾನಿಕರ ಊರುಗಳು. ಡಾಂಬರು ರಸ್ತೆ ಇರಲಿಲ್ಲ, ರೈಲು ಇನ್ನೂ ಇತ್ತ ಬಂದಿರಲಿಲ್ಲ. ಕುದುರೆಯ ಮೇಲೆ, ನಡೆದುಕೊಂಡು, ಸಾಮಾನು ಬಂಡಿಯಲ್ಲಿ ಹೇರಿಕೊಂಡು, ಮಳೆ ನಿಂತ ಮೇಲೆ ಹೊರಟರೆ ಬಿಸಿಲು ಕಾಯುವವರೆಗೆ ಡೇರೆಯಲ್ಲೇ ವಾಸ. ಬಂಡಿ ಹೊಡೆದವರು, ಡೇರೆ ಹೊಡೆದವರು, ಯಾವ ಹಳ್ಳದಲ್ಲಿ ಎಂಥ ಕಲ್ಲಿದೆ ಎಂದು ತೋರಿಸಿದವರು ನಮ್ಮ ಜನರೇ. ನಕಾಶೆಯ ಮೂಲೆಯಲ್ಲಿ ಅವರ ಹೆಸರು ಹಾಕುವ ರೂಢಿ ಆಗ ಇರಲಿಲ್ಲ.

ಈ ತಿರುಗಾಟದ ಫಲವಾಗಿ 1876ರಲ್ಲಿ ಇಲಾಖೆಯ ಗ್ರಂಥಮಾಲೆಯ 12ನೆಯ ಸಂಪುಟದಲ್ಲಿ ಅವರ ದೊಡ್ಡ ವರದಿ ಅಚ್ಚಾಯಿತು. ದಕ್ಷಿಣ ಮರಾಠಾ ಪ್ರದೇಶದ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಭೂರಚನೆ ಅದರ ವಿಷಯ. ಅದೇ ವರ್ಷ ಮಳೆ ಕೈಕೊಟ್ಟು ಇಲ್ಲೆಲ್ಲ ಭೀಕರ ಬರ ಬಿತ್ತು, 1878ರವರೆಗೆ ನಡೆಯಿತು. ಕಲಾದಗಿ ಜಿಲ್ಲೆ ಬಹಳ ನಲುಗಿತು. ಅವರಿಗೆ ದಾರಿ ತೋರಿಸಿದ ಎಷ್ಟೋ ಹಳ್ಳಿಗಳ ಜನ ಆ ಬರದಲ್ಲಿ ಸಿಕ್ಕಿಕೊಂಡರು. ಜೀವನ ಚರಿತ್ರೆ ಬರೆಯುವಾಗ ಇಂಥ ಎರಡು ವಿಷಯ ಒಂದೇ ಇಸವಿಯಲ್ಲಿ ಬಂದರೆ ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಆ ವರದಿಯಲ್ಲಿ ಫೂಟ್ ಅವರು ಒಂದು ಶಿಲಾಸಮೂಹಕ್ಕೆ ಕಲಾದಗಿ ಎಂದು ಹೆಸರಿಟ್ಟರು. ಕಲಾದಗಿ ಎಂದರೆ ನಮಗೆ ಈಗ ದಾಳಿಂಬೆ, ಚಿಕ್ಕು. ಆಗ ಅದು ಜಿಲ್ಲಾ ಕೇಂದ್ರವಾಗಿತ್ತು. ಮುಂದೆ ಕಚೇರಿಗಳು ವಿಜಯಪುರಕ್ಕೆ ಹೋದವು, ಕಲಾದಗಿ ಜಿಲ್ಲೆ ಎಂಬ ಹೆಸರೇ ಅಳಿಯಿತು. ಆದರೆ ಪ್ರಪಂಚದ ಯಾವ ಭೂವಿಜ್ಞಾನಿಯನ್ನು ಕೇಳಿದರೂ ಕಲಾದಗಿ ಎಂದರೆ ಒಂದು ಪ್ರಾಚೀನ ಜಲಾನಯನ ಎಂದು ಗೊತ್ತು. ನೆಲ ಹಿಗ್ಗಿ, ಸೀಳಿ, ಕುಸಿದು ದೊಡ್ಡ ತಗ್ಗು ಆಗಿತ್ತು. ಅದರಲ್ಲಿ ಸುತ್ತಲಿನ ಎತ್ತರದಿಂದ ನದಿಗಳು ಕಲ್ಲು, ಮರಳು, ಕೆಸರು ತಂದು ತುಂಬಿದವು. ಸಮುದ್ರದ ನೀರೂ ಒಳಗೆ ಬಂದು ಸುಣ್ಣಕಲ್ಲು ಬೆಳೆಯಿತು. ಲೋಕಾಪುರ, ಬಾಗಲಕೋಟೆ ಕಡೆ ಸಿಮೆಂಟ್ ಕಾರ್ಖಾನೆಗಳು ಅಗೆಯುವುದು ಆ ಸುಣ್ಣಕಲ್ಲನ್ನೇ. ಈಗ ನಮ್ಮ ಕಣ್ಣಿಗೆ ಕಾಣುವ ಕಲಾದಗಿ ಶಿಲೆಗಳು ಸುಮಾರು 8,000 ಚದರ ಕಿಲೋಮೀಟರ್ ಹರಡಿವೆ. ಪಶ್ಚಿಮಕ್ಕೆ ಅವು ಲಾವಾದ ಕರಿಕಲ್ಲಿನ ಕೆಳಗೆ ಸೇರಿಕೊಂಡಿವೆ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ ಎಲ್ಲ ಈ ಕರಿಕಲ್ಲಿನ ಮೇಲೆಯೇ ಕೂತಿವೆ. ನಮ್ಮ ತಂಬಾಕಿಗೂ ಕಬ್ಬಿಗೂ ಹೆಸರು ತಂದ ಕರಿಮಣ್ಣು ಆ ಕಲ್ಲು ಕರಗಿ ಆದದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಗ್ಗಿನಲ್ಲಿ ತುಂಬಿದ ಮರಳು ಎಲ್ಲಿಂದ ಬಂತು ಎಂದು ತಿಳಿಯುವುದು ಹೇಗೆ?

2019ರ ಆಗಸ್ಟ್‌ನ ಪ್ರವಾಹ ನಿಮಗೆ ನೆನಪಿರಬಹುದು. ವೇದಗಂಗಾ ಉಕ್ಕಿ ಯಮಗರಣಿ ಸೇತುವೆಯ ಹತ್ತಿರ ಹೆದ್ದಾರಿ ಬಂದಾಗಿತ್ತು. ನೀರು ಇಳಿದ ಮೇಲೆ ನಮ್ಮ ಮಾಮು ಅವರ ಹೊಲದ ಕರಿಮಣ್ಣಿನ ಮೇಲೆ ಬೆರಳುದ್ದ ಕೆಂಪು ಮಿಶ್ರಿತ ಕೆಸರು ಕೂತಿತ್ತು. ಅದು ನಮ್ಮ ಮಣ್ಣಲ್ಲ, ಘಟ್ಟದ ಕಡೆಯ ಜಂಬಿಟ್ಟಿಗೆ ಮಣ್ಣು ಎಂದು ದಾದಾ ಒಂದೇ ನೋಟಕ್ಕೆ ಹೇಳಿದರು. ನಿಪ್ಪಾಣಿಯ ವಖಾರಿಗಳಲ್ಲಿಯೂ ಹಾಗೆಯೇ. ಹಳಬರು ತಂಬಾಕಿನ ಎಲೆ ಮುಟ್ಟಿ, ಮೂಸಿ, ಇದು ಯಾವ ಕಡೆಯ ಹೊಲದ್ದು ಎಂದು ಹೇಳಿಬಿಡುತ್ತಾರೆ. ಫೂಟ್ ಅವರ ಬಳಿಯೂ ಇದ್ದದ್ದು ಇಷ್ಟೇ: ಕಣ್ಣು, ಕೈ, ಸುತ್ತಿಗೆ, ಭೂತಗನ್ನಡಿ.

ಕಲಾದಗಿ ಶಿಲೆಗಳ ಅತ್ಯಂತ ಕೆಳಗಿನ ಪದರದಲ್ಲಿ ಗುಂಡುಕಲ್ಲುಗಳು ಮರಳಿನಲ್ಲಿ ಅಂಟಿಕೊಂಡು ಗಟ್ಟಿಯಾದ ಬಂಡೆ ಇದೆ. ಕಾಂಕ್ರೀಟ್ ಒಡೆದಾಗ ಖಡಿ ಕಾಣುವಂತೆ ಅದರಲ್ಲಿ ಕಲ್ಲುಗಳು ಕಾಣುತ್ತವೆ. ಬಿಳಿ ಬೆಣಚುಕಲ್ಲು, ಕೆಂಪು ಪಟ್ಟೆಯ ಜಾಸ್ಪರ್ ಮುಂತಾದವು. ಕೆಂಪು ಪಟ್ಟೆಯ ಈ ಕಲ್ಲಿಗೆ ತವರು ಯಾವುದು? ಧಾರವಾಡದ ಕಡೆಯ ಹಳೆಯ ಕಬ್ಬಿಣದ ಅದಿರಿನ ಗುಡ್ಡಗಳು. ಅಂದಮೇಲೆ ಆ ಗುಡ್ಡಗಳು ಮೊದಲೇ ಇದ್ದವು, ಸವೆದವು, ಅವುಗಳ ತುಂಡುಗಳು ಉರುಳಿ ಇಲ್ಲಿಗೆ ಬಂದವು, ಆಮೇಲೆ ಕಲಾದಗಿ ಬಂಡೆ ಆಯಿತು. ಯಾವುದು ಹಿರಿಯ, ಯಾವುದು ಕಿರಿಯ ಎಂಬುದು ಇದರಿಂದ ಪಕ್ಕಾ ಆಗುತ್ತದೆ. ಮಗನ ಜೇಬಿನಲ್ಲಿ ಅಪ್ಪನ ಗಡಿಯಾರ ಸಿಗಬಹುದು, ತದ್ವಿರುದ್ಧ ಆಗುವುದಿಲ್ಲ.

ಆದರೆ ಉರುಳುಗಲ್ಲಿಗೆ ಮುಖ ಇರುತ್ತದೆ, ಗುರುತು ಹಿಡಿಯಬಹುದು. ಮರಳಿನ ಕಾಳಿಗೆ ಮುಖ ಎಲ್ಲಿದೆ? ಬಾದಾಮಿ ಗುಡ್ಡದ ಒಂದು ಕಾಳು, ಗೋಕಾಕದ ಬಂಡೆಯ ಒಂದು ಕಾಳು, ಎರಡೂ ಒಂದೇ ಥರದ ಗಾಜಿನ ಚೂರಿನಂತೆ ಇರುತ್ತವೆ. ಅಲ್ಲದೆ ಎಷ್ಟು ವರ್ಷ ಹಳೆಯದು ಎಂದು ಅಂಕಿಯಲ್ಲಿ ಹೇಳುವ ಉಪಾಯ ಆಗ ಭೂಮಿಯ ಮೇಲೆ ಯಾರ ಬಳಿಯೂ ಇರಲಿಲ್ಲ. ಬೆಕೆರೆಲ್ ಅವರು ವಿಕಿರಣವನ್ನು ಕಂಡುಹಿಡಿದದ್ದೇ 1896ರಲ್ಲಿ. ಫೂಟ್ ಅವರು ಕಲಾದಗಿ ವರದಿ ಬರೆದು ಆಗ 20 ವರ್ಷ ಆಗಿತ್ತು.

ಇಂದಿನವರು ಆ ಮುಖವಿಲ್ಲದ ಮರಳಿನಲ್ಲಿ ಜಿರ್ಕಾನ್ ಎಂಬ ಹರಳನ್ನು ಹುಡುಕುತ್ತಾರೆ. ಈ ಹೆಸರು ಫಾರ್ಸಿಯ ಜರ್‌ಗೂನ್ ಎಂಬ ಪದದಿಂದ ಬಂದಿದೆ ಎನ್ನುತ್ತಾರೆ. ಜರ್ ಎಂದರೆ ಚಿನ್ನ, ಜರ್‌ಗೂನ್ ಎಂದರೆ ಚಿನ್ನದ ಬಣ್ಣದ್ದು. ಸೀರೆಯ ಜರಿ ಅಂಚಿನಲ್ಲಿಯೂ ಇದೇ ಜರ್ ಇದೆ. ಉರ್ದು ಮಾತಾಡುವ ಮನೆಯವನಾದ ನನಗೆ ಭೂವಿಜ್ಞಾನದ ಪುಸ್ತಕದಲ್ಲಿ ಈ ಪದ ಸಿಕ್ಕಾಗ ಸಂತೆಯಲ್ಲಿ ನೆಂಟರು ಸಿಕ್ಕಂತೆ ಆಯಿತು. ಗ್ರಾನೈಟ್‌ನಂಥ ಕಲ್ಲು ಕರಗಿದ ರಸದಿಂದ ತಣ್ಣಗಾಗುವಾಗ ಜಿರ್ಕಾನ್ ಹುಟ್ಟುತ್ತದೆ. ಬಹಳ ಚಿಕ್ಕದು, ಸಾಮಾನ್ಯವಾಗಿ ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು. ಆದರೆ ಬಲು ಗಟ್ಟಿ. ತಾಯಿಬಂಡೆ ಸವೆದು ಮಣ್ಣಾದರೂ, ನದಿ ನೂರಾರು ಮೈಲು ಉರುಳಿಸಿದರೂ ಅದು ಉಳಿದುಕೊಳ್ಳುತ್ತದೆ.

ಹುಟ್ಟುವಾಗ ಅದು ತನ್ನೊಳಗೆ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧ ಕರಗಲು 447 ಕೋಟಿ ವರ್ಷ ಬೇಕು, ಯುರೇನಿಯಂ-235 ಅರ್ಧ ಕರಗಲು ಸುಮಾರು 70 ಕೋಟಿ ವರ್ಷ ಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಆರಂಭಿಕ ಶಿಲ್ಕಿನಲ್ಲಿ ಸೀಸ ಸೊನ್ನೆ. ಈಗಿನ ಶಿಲ್ಕಿನಲ್ಲಿ ಇರುವ ಸೀಸವೆಲ್ಲ ಒಳಗೇ ಆದ ಜಮಾ. ದರ ಗೊತ್ತು, ಮೊತ್ತ ಗೊತ್ತು, ಅಂದರೆ ಅವಧಿ ಲೆಕ್ಕ ಹಾಕಬಹುದು. ಒಂದೇ ಹರಳಿನಲ್ಲಿ ಎರಡು ಖಾತೆಗಳಿರುವುದರಿಂದ ಒಂದರ ಲೆಕ್ಕವನ್ನು ಇನ್ನೊಂದರಿಂದ ತಾಳೆ ನೋಡಬಹುದು. ತಾಳೆಯಾಗದಿದ್ದರೆ ಹರಳಿನಿಂದ ಸೀಸ ಸೋರಿದೆ ಎಂದು ಅದನ್ನು ಬದಿಗಿಡುತ್ತಾರೆ. ಇದಕ್ಕಿಂತ ಒಳ್ಳೆಯ ಲೆಕ್ಕ ಪರಿಶೋಧನೆ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿಯೂ ಇಲ್ಲ.

ಮರಳುಗಲ್ಲನ್ನು ಪುಡಿಮಾಡಿ, ತೊಳೆದು, ಭಾರದ ಕಾಳುಗಳನ್ನು ಬೇರೆ ಮಾಡಿ, ಒಂದೊಂದೇ ಜಿರ್ಕಾನ್ ಹೆಕ್ಕಿ ಲೇಸರ್ ಕಿರಣದಿಂದ ಚುಚ್ಚಿ ಅಳೆಯುತ್ತಾರೆ. ಒಂದು ಬಂಡೆಗೆ ನೂರರಷ್ಟು ಹರಳು ಅಳೆದರೆ ಅದರಲ್ಲಿ ಯಾವ ವಯಸ್ಸಿನವು ಎಷ್ಟು ಎಂಬ ಪಟ್ಟಿ ಸಿಗುತ್ತದೆ. ಆಮೇಲೆ ಸುತ್ತಲಿನ ಹಳೆಯ ಬಂಡೆಗಳ ವಯಸ್ಸಿನೊಂದಿಗೆ ಹೋಲಿಸುತ್ತಾರೆ. ಕರ್ನಾಟಕದ ನಡುವೆ ಬೆನ್ನೆಲುಬಿನಂತೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸುಮಾರು 252 ಕೋಟಿ ವರ್ಷ. ನಮ್ಮ ರಾಜ್ಯದ ತಳಪಾಯವಾದ ನೈಸ್ ಶಿಲೆಗಳಲ್ಲಿ 300 ಕೋಟಿ ವರ್ಷ ದಾಟಿದವು ಬಹಳ ಇವೆ. ಕಲಾದಗಿಯ ಮರಳುಗಲ್ಲುಗಳಲ್ಲಿ ಸಿಕ್ಕ ಜಿರ್ಕಾನ್‌ಗಳು ಹೆಚ್ಚಾಗಿ ಸುಮಾರು 250 ಕೋಟಿ ವರ್ಷದವು, ಅದಕ್ಕೂ ಹಳೆಯವು. ಎಂದರೆ ಮರಳು ದೂರದೇಶದಿಂದ ಬಂದದ್ದಲ್ಲ, ಧಾರವಾಡ ಭೂಖಂಡದ ನೈಸ್ ಮತ್ತು ಗ್ರಾನೈಟ್‌ಗಳೇ ಸವೆದು ತಗ್ಗು ತುಂಬಿದವು. ಇನ್ನೊಂದು ಮಾತೂ ತಿಳಿಯುತ್ತದೆ. ಮರಳುಗಲ್ಲು ತನ್ನೊಳಗಿನ ಅತಿ ಕಿರಿಯ ಹರಳಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಗಂಟಿನಲ್ಲಿ ಸೋಮವಾರದ ಬಿಲ್ಲು ಇದ್ದರೆ ಗಂಟು ಕಟ್ಟಿದ್ದು ಭಾನುವಾರ ಆಗಿರುವುದಿಲ್ಲವಲ್ಲ.

ಫೂಟ್ ಅವರು ಉರುಳುಗಲ್ಲು ನೋಡಿ ಬರೆದ ಹಿರಿಯ ಕಿರಿಯ ಕ್ರಮವನ್ನು ಈ ಯಂತ್ರಗಳು ಅಲ್ಲಗಳೆದಿಲ್ಲ, ಅಂಕಿ ಸೇರಿಸಿವೆ. ತಿದ್ದುಪಡಿಗಳೂ ಆಗಿವೆ. ಬಾಗಲಕೋಟೆ ಕಡೆಯ ಮಡಚಿದ, ವಾಲಿದ ಪದರಗಳು ಬೇರೆ, ಅವುಗಳ ಮೇಲೆ ಚಾಪೆ ಹಾಸಿದಂತೆ ಮಲಗಿರುವ ಬಾದಾಮಿ ಮರಳುಗಲ್ಲು ಬೇರೆ ಎಂದು ನಂತರದ ಭೂವಿಜ್ಞಾನಿಗಳು ಎರಡು ಗುಂಪು ಮಾಡಿದರು. ನಡುವೆ ಬಹಳ ಕಾಲ ಕಳೆದಿದೆ. ಚಾಲುಕ್ಯರು 6ನೆಯ ಶತಮಾನದಲ್ಲಿ ಗುಹೆ ಕೊರೆದದ್ದು ಆ ಮೇಲಿನ ಕಲ್ಲಿನಲ್ಲಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಡಿಭಾಗದವರಾದ ನಮ್ಮನ್ನು ಹೊರಗೆ ಎಲ್ಲಿ ಹೋದರೂ ಮೂಲತಃ ಯಾವ ಕಡೆಯವರು ಎಂದು ಕೇಳುತ್ತಾರೆ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ ಎಂದರೆ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ, ಇನ್ನೊಮ್ಮೆ ಕೇಳುತ್ತಾರೆ. ಮೊದಲು ನನಗೆ ಸಿಟ್ಟು ಬರುತ್ತಿತ್ತು. ಭೂವಿಜ್ಞಾನಿಗಳೂ ಮರಳಿನ ಕಾಳಿಗೆ ಇದನ್ನೇ ಕೇಳುತ್ತಾರೆ, ಆದರೆ ಕೇಳಿ ಅದನ್ನು ಬಂಡೆಯಿಂದ ಹೊರಗೆ ಹಾಕುವುದಿಲ್ಲ. ಅಮ್ಮಿಗೆ ಇದನ್ನು ಹೇಳಿದಾಗ ಅವರು ನಕ್ಕು, ಮೊದಲು ಸ್ಟ್ಯಾಟಿಸ್ಟಿಕ್ಸ್ ಓದು ಎಂದರು.

ಫೂಟ್ ಅವರ ಕಥೆಗೆ ಮರಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಅವರಿಗೆ ಸಿಕ್ಕ ಇನ್ನೊಂದು ವಸ್ತು ಕೇಳಿದರೆ ಆಶ್ಚರ್ಯಪಡುತ್ತೀರಿ. ಗೋಕಾಕದ ಹತ್ತಿರ ಚಿಕ್ಕದೌಲಿ ಎಂಬಲ್ಲಿ ಹಳ್ಳದ ದಂಡೆಯ ಜೇಡಿಮಣ್ಣಿನಲ್ಲಿ ಘೇಂಡಾಮೃಗದ ಎಲುಬುಗಳು ಸಿಕ್ಕವು. ಅಸ್ಸಾಂ ಕಾಡಿನಲ್ಲಿ ಇರುವ ಪ್ರಾಣಿ ಗೋಕಾಕದಲ್ಲಿ! ಹಲ್ಲು, ದವಡೆಗಳನ್ನು ಹೋಲಿಸಿ ನೋಡಿದ ಫೂಟ್ ಅವರು ಇದು ಬೇರೆಯೇ ಜಾತಿ ಎಂದು ತೀರ್ಮಾನಿಸಿ, ದಖ್ಖನ್ನಿನ ಹೆಸರು ಸೇರಿಸಿ, ರೈನೋಸೆರಾಸ್ ಡೆಕ್ಕನೆನ್ಸಿಸ್ ಎಂದು 1874ರಲ್ಲಿ ಪ್ರಕಟಿಸಿದರು. ಈಗ ಮುಳ್ಳುಕಂಟಿ, ಕಬ್ಬು, ಗೋವಿನಜೋಳ ಕಾಣುವ ಜಾಗದಲ್ಲಿ ಒಂದು ಕಾಲಕ್ಕೆ ಅಂಥ ದೊಡ್ಡ ಪ್ರಾಣಿಗೆ ಸಾಕಾಗುವಷ್ಟು ಮೇವು, ನೀರು ಇತ್ತು. ಮಲಪ್ರಭಾ ನದಿಯ ಜಲ್ಲಿಯಲ್ಲಿ ಶಿಲಾಯುಗದ ಕೊಡಲಿಗಳೂ ಅವರಿಗೆ ಸಿಕ್ಕವು. ಆ ಜನ ಕೊಡಲಿಗೆ ಆರಿಸಿಕೊಂಡದ್ದು ಕಲಾದಗಿಯ ಗಟ್ಟಿ ಕ್ವಾರ್ಟ್ಜೈಟ್ ಕಲ್ಲನ್ನು. ಮಾಲು ಪರೀಕ್ಷೆ ಮಾಡುವ ವಿದ್ಯೆ ಫೂಟ್ ಅವರಿಗಿಂತ ಬಹಳ ಹಿಂದೆಯೇ ಇಲ್ಲಿ ಇತ್ತು.

ಮುಂದಿನ ವರ್ಷಗಳಲ್ಲಿ ಅವರು ಧಾರವಾಡದ ಶಿಲೆಗಳನ್ನು ಬೇರೆಯಾಗಿ ಗುರುತಿಸಿ ಅವುಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಶಿಲೆಗಳಲ್ಲೇ ಇದೆ ಎಂದು ತೋರಿಸಿದ್ದು ಸರ್ಕಾರಕ್ಕೂ ಕಂಪನಿಗಳಿಗೂ ದೊಡ್ಡ ವಿಷಯವಾಯಿತು. ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಮಗ ಹೆನ್ರಿಯೊಂದಿಗೆ ಸೇರಿ ಅಗೆದರು. ಬಳ್ಳಾರಿ ಜಿಲ್ಲೆಯ ವರದಿ 1895ರಲ್ಲಿ ಬಂತು. ಸಂಡೂರಿನ ಕಬ್ಬಿಣದ ಅದಿರು ಎಷ್ಟು ಉತ್ತಮ, ಎಷ್ಟು ಹೇರಳ ಎಂದು ಅದರಲ್ಲಿ ಬರೆದರು. ಆ ಗುಡ್ಡಗಳಿಗೆ ಆಮೇಲೆ ಏನಾಯಿತು ಎಂದು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಬಳ್ಳಾರಿ ಸುತ್ತಲಿನ ಬೂದಿದಿಬ್ಬಗಳ ಬಗ್ಗೆಯೂ ಅವರದೊಂದು ಒಳ್ಳೆಯ ತೀರ್ಮಾನವಿದೆ. ಜನ ಅವುಗಳನ್ನು ರಾಕ್ಷಸರ ಚಿತೆ ಎನ್ನುತ್ತಿದ್ದರು, ಕೆಲವರು ಜ್ವಾಲಾಮುಖಿ ಎಂದರು. ದನ ಕಟ್ಟುತ್ತಿದ್ದ ನವಶಿಲಾಯುಗದ ಜನ ಸೆಗಣಿ ಸುಟ್ಟು ಆದ ದಿಬ್ಬಗಳು ಅವು ಎಂದು ಫೂಟ್ ಅವರು ಹೇಳಿದರು. ನಂತರದ ಅಗೆತಗಳು ಅವರ ಪರವಾಗಿಯೇ ಬಂದವು.

1891ರಲ್ಲಿ ನಿವೃತ್ತರಾದರು. ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳುವವರಲ್ಲ. ಬರೋಡಾ ಸಂಸ್ಥಾನದ ನೆಲವನ್ನು ಪರಿಶೀಲಿಸಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಇಂದಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಅದರ ಮುಂದುವರಿಕೆ. ಕೊನೆಗೆ ಸೇಲಂ ಹತ್ತಿರದ ಏರ್ಕಾಡು ಬೆಟ್ಟದಲ್ಲಿ ಮನೆ ಮಾಡಿದರು.

40 ವರ್ಷಕ್ಕೂ ಹೆಚ್ಚು ಕಾಲ ಕೂಡಿಸಿದ ಕಲ್ಲಿನ ಕೊಡಲಿ, ಬಾಣದ ಮೊನೆ, ಮಡಕೆ ಚೂರುಗಳನ್ನು 1904ರಲ್ಲಿ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಫೂಟ್ ಅವರು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಪ್ರತಿಯೊಂದಕ್ಕೂ ಸಂಖ್ಯೆ, ಸಿಕ್ಕ ಊರು, ಕಲ್ಲಿನ ಜಾತಿ ಹಾಕಿ ಪಟ್ಟಿ ಬರೆಯುತ್ತಾ ಕೂತರು. ಊರಿನ ಹೆಸರಿಲ್ಲದ ವಸ್ತುವಿಗೆ ಬೆಲೆ ಇಲ್ಲ ಎಂಬುದು ಅವರ ಪದ್ಧತಿ ನೋಡಿದರೇ ತಿಳಿಯುತ್ತದೆ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಪಟ್ಟಿ ಅವರ ನಂತರ 1914ರಲ್ಲಿ, ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಅವರು ತೀರಿಕೊಳ್ಳುವ ಹಿಂದಿನ ವರ್ಷ, 1911ರಲ್ಲಿ, ಲಂಡನ್ನಿನಲ್ಲಿ ಆರ್ಥರ್ ಹೋಮ್ಸ್ ಎಂಬ 21 ವರ್ಷದ ಹುಡುಗ ಯುರೇನಿಯಂ ಮತ್ತು ಸೀಸದ ಲೆಕ್ಕದಿಂದ ಕಲ್ಲಿನ ವಯಸ್ಸು ಹೇಳುವ ಲೇಖನ ಪ್ರಕಟಿಸಿದ್ದ. ನಮಗಿಂತ ನಾಲ್ಕೇ ವರ್ಷ ದೊಡ್ಡವನು.

ಅಕ್ಕೋಳದಲ್ಲಿ ನಿಂತರೆ ಕಲಾದಗಿ ಕಲ್ಲು ಕಾಣುವುದಿಲ್ಲ, ಕರಿಕಲ್ಲು ಮುಚ್ಚಿದೆ. ನೋಡಬೇಕೆಂದರೆ ಗೋಕಾಕ ಫಾಲ್ಸ್‌ಗೆ ಹೋಗಬೇಕು. ನಾವೆಲ್ಲ ಅಲ್ಲಿ ತೂಗುಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು, ಮಿರ್ಚಿ ಭಜಿ ತಿಂದು ಬಂದಿದ್ದೇವೆ. ಘಟಪ್ರಭಾ ಸುಮಾರು 52 ಮೀಟರ್ ಕೆಳಗೆ ಬೀಳುವುದು ಕಲಾದಗಿ ಮರಳುಗಲ್ಲಿನ ಅಂಚಿನಿಂದಲೇ. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗ ಹೋದರೆ ಬಂಡೆಯ ಪದರಗಳು ಚೆನ್ನಾಗಿ ಕಾಣುತ್ತವೆ. ಈ ಶಿಲೆಗಳ ಮೇಲೆ ಕೆಲವೆಡೆ ಹೊಳೆದಂಡೆಯ ಮರಳಿನಲ್ಲಿ ಇರುವಂಥ ಅಲೆಯ ಗೆರೆಗಳು ಗಟ್ಟಿಯಾಗಿ ಉಳಿದಿವೆ, ಕೈಯಿಂದ ಸವರಿ ನೋಡಬಹುದು. ಮಳೆಗಾಲದಲ್ಲಿ ಮಾತ್ರ ಅಂಚಿಗೆ ಹೋಗಬೇಡಿ, ಬಂಡೆ ಜಾರುತ್ತದೆ.